ಕರಾಟೆ ಬೋರ್ಡಿನ ಮೇಲೆ ಬ್ರೂಸ್ ಲೀಗೇನು ಕೆಲಸ?

ನಮ್ಮ ಕಡೆ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಒಂದು ಕರಾಟೆ ಕ್ಲಾಸಿನ ಫ್ಲೆಕ್ಸ್ ಕಣ್ಣಿಗೆ ಬೀಳದೆ ಇರುವುದಿಲ್ಲ. ಶಾಲೆಯ ಕಾಂಪೌಂಡಿಗೋ ಕಲ್ಯಾಣ ಮಂಟಪದ ಗೇಟಿಗೋ ಕಟ್ಟಿರುತ್ತಾರೆ. ಬೆಳಗಿನ ಬ್ಯಾಚು, ಸಂಜೆಯ ಬ್ಯಾಚು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ತರಬೇತಿ, ಕೆಳಗೆ ಮಾಸ್ಟರ್ ಮೊಬೈಲ್ ನಂಬರು. ಒಂದು ಬದಿಗೆ ಬಿಳಿ ಉಡುಪಿನಲ್ಲಿ ಮಾಸ್ಟರ್, ಇನ್ನೊಂದು ಬದಿಗೆ ಅಂಗಿಯಿಲ್ಲದ ಬ್ರೂಸ್ ಲೀ, ಎದೆಯ ಮೇಲೆ ಉಗುರಿನ ಗೀರು. ನೋಡಿ ನೋಡಿ ಎಷ್ಟು ರೂಢಿಯಾಗಿದೆಯೆಂದರೆ ಇದರಲ್ಲಿರುವ ವಿಚಿತ್ರ ಈಗ ಯಾರ ಕಣ್ಣಿಗೂ ಹೊಡೆಯುವುದಿಲ್ಲ. ಬ್ರೂಸ್ ಲೀ ಕರಾಟೆಯವನೇ ಅಲ್ಲ. ಹಾಂಗ್‌ಕಾಂಗ್‌ನಲ್ಲಿ ಇಪ್ ಮ್ಯಾನ್ ಅವರ ಬಳಿ ಕಲಿತದ್ದು ವಿಂಗ್ ಚುನ್, ದಕ್ಷಿಣ ಚೀನಾದ ಕುಂಗ್‌ಫೂ. ಮುಂದೆ ಅಮೆರಿಕದಲ್ಲಿ ತಾನೇ ಕಟ್ಟಿಕೊಂಡದ್ದು ಜೀತ್ ಕುನೆ ದೋ. ಸಾಲದ್ದಕ್ಕೆ 1971ರ ಸೆಪ್ಟೆಂಬರ್‌ನ 'ಬ್ಲ್ಯಾಕ್ ಬೆಲ್ಟ್' ಪತ್ರಿಕೆಯಲ್ಲಿ, ಸಾಂಪ್ರದಾಯಿಕ ಕರಾಟೆಯಿಂದ ನಿಮ್ಮನ್ನು ನೀವೇ ಬಿಡಿಸಿಕೊಳ್ಳಿ ಎಂದು ತಲೆಬರಹದಲ್ಲೇ ಹೇಳಿ ಲೇಖನ ಬರೆದವನು. ಆ ಅಂಗಡಿ ಬಿಟ್ಟು ಬನ್ನಿ ಎಂದವನ ಫೋಟೋ ಅದೇ ಅಂಗಡಿಯ ಬಾಗಿಲಿಗೆ!

ಜನರಿಗೆ ಕರಾಟೆಗೂ ಕುಂಗ್‌ಫೂಗೂ ವ್ಯತ್ಯಾಸ ಗೊತ್ತಿಲ್ಲ ಎಂದು ನಕ್ಕು ಮುಗಿಸಬಹುದು. ಆದರೆ ಬೋರ್ಡು ಬರೆಸಿದ ಮಾಸ್ಟರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಹುಡುಗನನ್ನು ಗೇಟಿನವರೆಗೆ ಕರೆತರುವುದು ಆ ಮುಖ, ಒಳಗೆ ಕೂರಿಸುವುದು ಬೆಲ್ಟು ಮತ್ತು ಗ್ರೇಡಿಂಗ್ ಎಂಬ ಲೆಕ್ಕ ಅವರದು. ಮೂವತ್ತೆರಡು ವರ್ಷಕ್ಕೆ, 1973ರ ಜುಲೈ 20ರಂದು ತೀರಿಕೊಂಡವನು ಅವನು. ದೊಡ್ಡವನಾದ ಮೇಲೆ ನಾಯಕನಾಗಿ ಪೂರ್ತಿ ಮಾಡಿದ್ದು ನಾಲ್ಕೇ ಚಿತ್ರ, ಅದೂ ಎರಡು ವರ್ಷದೊಳಗೆ. ಇಷ್ಟು ಕಡಿಮೆ ಸರಕಿನಿಂದ ಐವತ್ತು ವರ್ಷ ದಾಟಿದ ಪ್ರಭಾವ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ನನ್ನನ್ನು ಕಾಡುವ ಪ್ರಶ್ನೆ ಸ್ವಲ್ಪ ಬೇರೆ. ಉಳಿದದ್ದು ಏನು? ಅವನು ಮಾಡಿದ ಕೆಲಸವೋ, ಅದರ ಮೇಲಿನ ತೊಗಲೋ?

ಇಪ್ಪತ್ತೊಂದು ಚಲನೆ

ಕಾಟಾ ಎಂದರೆ ಕರಾಟೆಯಲ್ಲಿ ಒಬ್ಬನೇ ನಿಂತು ಮಾಡುವ, ಮೊದಲೇ ಗೊತ್ತುಮಾಡಿದ ಚಲನೆಗಳ ಸರಣಿ. ಅದರ ಮೇಲೆ ಲೀಗೆ ಯಾಕಷ್ಟು ಸಿಟ್ಟು ಎಂಬುದು ತಿಳಿಯಬೇಕಾದರೆ ಕಾಟಾ ಮಾಡುವಾಗ ಮೈ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಶೋಟೋಕಾನ್ ಶೈಲಿಯಲ್ಲಿ ಹೊಸಬರಿಗೆ ಕಲಿಸುವ ಹೈಯಾನ್ ಶೋಡಾನ್‌ನಲ್ಲಿ 21 ಚಲನೆಗಳಿವೆ. ಎಡಕ್ಕೆ ತಿರುಗಿ ಕೆಳಗಿನ ತಡೆ, ಬಲಗಾಲು ಮುಂದಿಟ್ಟು ಗುದ್ದು, ಹಿಂದಕ್ಕೆ ತಿರುಗಿ ಮತ್ತೆ ತಡೆ, ಹೀಗೆ ನೆಲದ ಮೇಲೆ ಒಂದು ನಕ್ಷೆ ಹಾಕಿದಂತೆ ಸಾಗುತ್ತದೆ. ಮುಂದಿನ ಮಂಡಿ ಮಡಿಸಿ ಹಿಂದಿನ ಕಾಲು ಚಾಚಿದ ಉದ್ದನೆಯ ನಿಲುವು. ಒಂದು ಕೈ ಗುದ್ದುವಾಗ ಇನ್ನೊಂದು ಕೈ ಸೊಂಟಕ್ಕೆ ಎಳೆದಿರಬೇಕು. ಲೀಯ ತಕರಾರು ಇಲ್ಲೇ. ಸೊಂಟದಲ್ಲಿರುವ ಕೈ ಮುಖ ಕಾಯುವುದಿಲ್ಲ. ಉದ್ದನೆಯ ನಿಲುವಿನಿಂದ ಮುಂದಕ್ಕೋ ಹಿಂದಕ್ಕೋ ಜರುಗಬೇಕಾದರೆ ಮೊದಲು ಭಾರವನ್ನು ಒಂದು ಕಾಲಿಗೆ ತಂದುಕೊಳ್ಳಬೇಕು, ಅಷ್ಟರಲ್ಲಿ ಎದುರಾಳಿಗೆ ಸುಳಿವು ಸಿಕ್ಕಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಾಳಿ ಯಾವಾಗ ಏನು ಮಾಡುತ್ತಾನೆ ಎಂಬುದು ಕಾಟಾದಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. (ಕರಾಟೆಯವರ ಉತ್ತರವೂ ಸುಳ್ಳಲ್ಲ. ಸೊಂಟಕ್ಕೆ ಹೋಗುವ ಕೈ ಬರಿಗೈಯಲ್ಲ, ಎದುರಾಳಿಯ ತೋಳನ್ನು ಹಿಡಿದೆಳೆಯುವ ಕೈ ಎನ್ನುತ್ತಾರೆ ಅವರು. ಆದರೆ ಎಷ್ಟು ಕ್ಲಾಸುಗಳಲ್ಲಿ ಅದನ್ನು ಹಿಡಿದೆಳೆದು ತೋರಿಸುತ್ತಾರೆ?)

ಇದಕ್ಕೆ ಬದಲಾಗಿ ಅವನು ಹೇಳಿದ ನಿಲುವು ಚಿಕ್ಕದು. ಬಲಗೈಯವನಾದರೆ ಬಲ ಬದಿಯೇ ಮುಂದೆ. ಮುಷ್ಟಿಯುದ್ಧದವರು ಬಲವಾದ ಕೈಯನ್ನು ಹಿಂದಿಟ್ಟುಕೊಳ್ಳುತ್ತಾರೆ, ಇವನು ಕತ್ತಿವರಸೆಯವರಂತೆ ಅದನ್ನು ಗುರಿಗೆ ಹತ್ತಿರ ತಂದ. ಅಣ್ಣ ಪೀಟರ್ ಕತ್ತಿವರಸೆ ಆಡುತ್ತಿದ್ದವನು, ಅಲ್ಲಿನ ಅಂತರದ ಲೆಕ್ಕ ಲೀಯ ಟಿಪ್ಪಣಿಗಳ ತುಂಬ ಇದೆ. ಹಿಂದಿನ ಹಿಮ್ಮಡಿ ತುಸು ಎದ್ದಿರಬೇಕು, ಗದ್ದ ಒಳಗೆ. ಮುಂದಿನ ಕೈಯ ನೇರ ಗುದ್ದಿನಲ್ಲಿ ಕಾಲಿಗಿಂತ ಮೊದಲು ಕೈ ಹೊರಡಬೇಕು, ಪಾದ ನೆಲಕ್ಕೆ ಊರುವ ಮೊದಲೇ ಮುಷ್ಟಿ ತಲುಪಿರಬೇಕು. ಪಾದ ಮೊದಲು ಊರಿದರೆ ಮೈಭಾರವೆಲ್ಲ ನೆಲಕ್ಕೆ ಇಳಿದು ತೋಳಿನ ಬಲ ಮಾತ್ರ ಉಳಿಯುತ್ತದೆ. ಹೊಸಬರೆಲ್ಲ ಎಡವುವುದು ಒಂದೇ ಕಡೆ: ಗುದ್ದುವ ಮುಂಚೆ ಮೊಣಕೈಯನ್ನು ಒಂದೆರಡು ಅಂಗುಲ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಎದುರಾಳಿ ಓದುವುದು ಅಷ್ಟನ್ನೇ. 1964ರಲ್ಲಿ ಲಾಂಗ್ ಬೀಚ್‌ನ ಕರಾಟೆ ಪಂದ್ಯಾವಳಿಯಲ್ಲಿ ಅವನು ತೋರಿಸಿದ, ಒಂದಂಗುಲ ದೂರದಿಂದಲೇ ಹೊಡೆಯುವ ಗುದ್ದಿನ ಗುಟ್ಟೂ ಇದೇ. ಹಿಂದಕ್ಕೆ ಎಳೆಯಲು ಜಾಗವೇ ಇಲ್ಲದಿದ್ದಾಗ ಬಲ ಬರುವುದು ಹಿಂಗಾಲಿನಿಂದ. ಅಲ್ಲಿಂದ ಮಂಡಿ, ಸೊಂಟ, ಭುಜ, ಮೊಣಕೈ, ಕೊನೆಗೆ ಮಣಿಕಟ್ಟು ಒಂದರ ಹಿಂದೊಂದು ಬಿಚ್ಚಿಕೊಳ್ಳಬೇಕು. ಕ್ರಮ ತಪ್ಪಿದರೆ ಅದು ಬರೀ ನೂಕು. ಎದುರಿಗೆ ನಿಂತವನು ಪಾದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನಿಂತಿದ್ದರೆ ಹಿಂದಕ್ಕೆ ಬೀಳುವುದು ಸುಲಭ ಎಂಬುದನ್ನೂ ಹೇಳಿಬಿಡಬೇಕು. ಆ ಪ್ರದರ್ಶನದಲ್ಲಿ ಅವನ ಹಿಂದೆ ಕುರ್ಚಿ ಇಟ್ಟದ್ದು ಸುಮ್ಮನೆ ಅಲ್ಲ.

ಸಿಯಾಟಲ್, ಓಕ್ಲೆಂಡ್, ಲಾಸ್ ಏಂಜಲೀಸ್ ಮೂರೂ ಕಡೆ ಇದ್ದ ತನ್ನ ಶಾಲೆಗಳನ್ನು 1970ರ ಆರಂಭದಲ್ಲಿ ಅವನೇ ಮುಚ್ಚಿದ. ಕಲಿಸಿದ್ದನ್ನೇ ಹುಡುಗರು ಸತ್ಯವೆಂದು ಹಿಡಿದುಕೊಂಡುಬಿಡುತ್ತಾರೆ, ತನ್ನ ಪದ್ಧತಿಯೂ ಇನ್ನೊಂದು ಕಾಟಾ ಆಗುತ್ತದೆ ಎಂಬ ಅಳುಕು. ಅದೇ ವರ್ಷ ಭಾರದ ಕಂಬಿ ಹೆಗಲಿಗಿಟ್ಟು ಮುಂದಕ್ಕೆ ಬಾಗುವ ವ್ಯಾಯಾಮ ಮಾಡುವಾಗ ಬೆನ್ನಿಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಮಲಗಿದ್ದಾಗ ಅವನು ಓದಿದವರಲ್ಲಿ ಜಿಡ್ಡು ಕೃಷ್ಣಮೂರ್ತಿಯವರೂ ಇದ್ದರು. ಪದ್ಧತಿಯೇ ಮನಸ್ಸನ್ನು ಕಟ್ಟಿಹಾಕುತ್ತದೆ ಎಂಬ ಅವರ ಮಾತು ಲೀಯ ಬರಹದಲ್ಲಿ ಎಷ್ಟು ಬೆರೆತಿದೆಯೆಂದರೆ ಎಷ್ಟೋ ಕಡೆ ಗೆರೆ ಎಳೆಯುವುದು ಕಷ್ಟ. ಇಂದು ವಾಟ್ಸ್ಆ್ಯಪ್‌ನಲ್ಲಿ ಬ್ರೂಸ್ ಲೀಯ ಹೆಸರು ಹೊತ್ತು ಬರುವ ನುಡಿಮುತ್ತುಗಳಲ್ಲಿ ಕೆಲವು ಸುತ್ತು ಹಾಕಿ ಊರಿಗೇ ಮರಳಿದ ನಮ್ಮವರ ಮಾತುಗಳು.

ಭಾರತದ ನಂಟು ಅಷ್ಟಕ್ಕೇ ನಿಲ್ಲುವುದಿಲ್ಲ. 1971ರ ಆರಂಭದಲ್ಲಿ ನಟ ಜೇಮ್ಸ್ ಕೋಬರ್ನ್, ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಂಟ್ ಇಬ್ಬರ ಜೊತೆ ಲೀ ಇಲ್ಲಿಗೆ ಬಂದಿದ್ದ, ಒಂದು ಚಿತ್ರಕ್ಕೆ ಜಾಗ ಹುಡುಕಲು. ಕಾರಣ ಕಲೆಯದ್ದಲ್ಲ, ರೊಕ್ಕದ್ದು. ವಾರ್ನರ್ ಬ್ರದರ್ಸ್ ಕಂಪನಿ ಇಲ್ಲಿ ಗಳಿಸಿದ ರೂಪಾಯಿಯನ್ನು ಆಗಿನ ಕಾನೂನಿನಂತೆ ಹೊರಗೆ ಒಯ್ಯುವಂತಿರಲಿಲ್ಲ, ಇಲ್ಲೇ ಖರ್ಚು ಮಾಡಬೇಕಿತ್ತು. ಕೋಬರ್ನ್‌ಗೆ ಜಾಗ ಹಿಡಿಸಲಿಲ್ಲ, ಯೋಜನೆ ಬಿತ್ತು. ಆ ವರ್ಷವೇ ಲೀ ಹಾಂಗ್‌ಕಾಂಗ್‌ನ ಗೋಲ್ಡನ್ ಹಾರ್ವೆಸ್ಟ್ ಕಂಪನಿಗೆ ಎರಡು ಚಿತ್ರಕ್ಕೆ ಒಟ್ಟು 15,000 ಡಾಲರ್‌ಗೆ ಸಹಿ ಹಾಕಿ ಥಾಯ್ಲೆಂಡ್‌ನ ಪಾಕ್ ಚೋಂಗ್‌ಗೆ ಶೂಟಿಂಗಿಗೆ ಹೊರಟ.

ಮೂರು ಫ್ರೇಮಿನ ಗುದ್ದು

ಅವನು ನಿಜಕ್ಕೂ ಬದಲಿಸಿದ್ದು ಸಿನಿಮಾದ ಹೊಡೆದಾಟವನ್ನು. ಇದರಲ್ಲಿ ಅಂಕಿಗೆ ಸಿಗುವ ಭಾಗವೂ ಇದೆ. ಫಿಲಂ ಓಡುವುದು ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿಗೆ ಶಟರ್ ತೆರೆದಿರುವುದು ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬರುವ ಮುಷ್ಟಿ ಅಷ್ಟರಲ್ಲೇ ಸುಮಾರು 17 ಸೆಂಟಿಮೀಟರ್ ಸರಿದಿರುತ್ತದೆ. ಫ್ರೇಮಿನಲ್ಲಿ ಮೂಡುವುದು ಮುಷ್ಟಿಯಲ್ಲ, ಬಿಳಿಚಿದ ಒಂದು ಎಳೆ. ಗುದ್ದು ಪೂರ್ತಿ ಎಂಟನೇ ಒಂದು ಸೆಕೆಂಡಿನಲ್ಲಿ ಮುಗಿದರೆ ಅದಕ್ಕೆ ಸಿಗುವುದು ಮೂರೇ ಫ್ರೇಮ್. 1966-67ರ 'ದಿ ಗ್ರೀನ್ ಹಾರ್ನೆಟ್' ಧಾರಾವಾಹಿಯಲ್ಲಿ ಕೇಟೊ ಪಾತ್ರ ಮಾಡುವಾಗ ಅವನು ವೇಗ ತಗ್ಗಿಸಿಕೊಳ್ಳಬೇಕಾಯಿತು ಎಂದು ಜೊತೆಗಿದ್ದವರು ಹೇಳುತ್ತ ಬಂದದ್ದಕ್ಕೆ ಕಾರಣ ಇದು. ಇದರಲ್ಲಿ ಪವಾಡವೇನೂ ಇಲ್ಲ.

ಬೇರೆಯವರ ಸಮಸ್ಯೆ ಇದರ ತಿರುವುಮುರುವು. ಕೈ ನಿಧಾನವಿದ್ದರೆ ಕ್ಯಾಮೆರಾವನ್ನು ಸೆಕೆಂಡಿಗೆ 20 ಫ್ರೇಮಿನಲ್ಲಿ ಓಡಿಸಿ 24ರಲ್ಲಿ ತೋರಿಸುತ್ತಾರೆ, ವೇಗ ಐದನೇ ಒಂದು ಪಾಲು ಏರುತ್ತದೆ. ಕಳ್ಳತನ ಸಿಕ್ಕಿಬೀಳುವುದು ಮುಷ್ಟಿಯಲ್ಲಲ್ಲ, ಹಿಂದೆ ನಡೆದುಹೋಗುವವನ ಹೆಜ್ಜೆಯಲ್ಲಿ, ನೆಲಕ್ಕೆ ಇಳಿಯುವ ಧೂಳಿನಲ್ಲಿ, ಪಟಪಟ ಅನ್ನುವ ಅಂಗಿಯ ತುದಿಯಲ್ಲಿ. ಇನ್ನು ತಾಗದ ಏಟು ತಾಗಿದಂತೆ ಕಾಣಬೇಕಾದರೆ ಕ್ಯಾಮೆರಾ ಇಬ್ಬರಲ್ಲೊಬ್ಬನ ಹೆಗಲ ಹಿಂದೆ ಇರಬೇಕು, ಮುಷ್ಟಿಗೂ ಮುಖಕ್ಕೂ ನಡುವಿನ ಗೇಣಗಲ ಜಾಗ ಆಗ ಕಾಣಿಸುವುದಿಲ್ಲ. ಪಕ್ಕಕ್ಕೆ ಸರಿದರೆ ಬಯಲಾಗುತ್ತದೆ. ಏಟು ತಿನ್ನುವವನು ಎರಡು ಫ್ರೇಮ್ ಮೊದಲೇ ತಲೆ ತಿರುಗಿಸಿದರೂ ಕೆಟ್ಟಿತು. ಅದಕ್ಕೇ ನನ್ನ ಮಟ್ಟಿಗೆ ಒಳ್ಳೆಯ ಫೈಟ್ ಅರ್ಧಕ್ಕರ್ಧ ಏಟು ತಿನ್ನುವವನದು. ರಂಗಭೂಮಿಯಿಂದ ಬಂದ, ಕರಾಟೆಯನ್ನು ಕ್ರಮವಾಗಿ ಕಲಿಯದ ಶಂಕರ್ ನಾಗ್ ಅವರಿಗೆ ಕನ್ನಡಿಗರು 'ಕರಾಟೆ ಕಿಂಗ್' ಎಂದು ಬಿರುದು ಕೊಟ್ಟದ್ದರಲ್ಲಿ ನಗುವಂಥದ್ದೇನೂ ಇಲ್ಲ. ಪರದೆಯ ಮೇಲೆ ಬೇಕಾದ್ದು ಕಾಲಪ್ರಜ್ಞೆ, ಅದು ಶಂಕ್ರಣ್ಣನಿಗೆ ಚೆನ್ನಾಗಿಯೇ ಇತ್ತು.

ಲೀ ಬರುವ ಹೊತ್ತಿಗೆ ಹಾಂಗ್‌ಕಾಂಗ್‌ನ ಕತ್ತಿ, ಕುಂಗ್‌ಫೂ ಚಿತ್ರಗಳ ಹೊಡೆದಾಟ ಚೀನೀ ರಂಗನಾಟಕದ ತಾಳಕ್ಕೆ ಕಟ್ಟಿದ್ದಾಗಿತ್ತು. ಇಬ್ಬರೂ ಹತ್ತು ಹನ್ನೆರಡು ಏಟು ಬಿಡದೆ ವಿನಿಮಯ ಮಾಡಿಕೊಂಡು, ಒಂದು ಭಂಗಿಯಲ್ಲಿ ನಿಂತು, ಮತ್ತೆ ಶುರು. ಲೀಯ ಅಪ್ಪನೇ ಕ್ಯಾಂಟನೀಸ್ ರಂಗನಟ, ಮಗನಿಗೆ ಆ ತಾಳ ಮನೆಯದೇ. ಅವನು ಅದನ್ನು ಒಡೆದ. ದೀರ್ಘ ಮೌನ, ಒಂದೋ ಎರಡೋ ಏಟು, ಮುಗಿಯಿತು. ಎದುರಾಳಿ ಬಿದ್ದ ಮೇಲೂ ಕ್ಯಾಮೆರಾ ಇವನ ಮುಖದ ಮೇಲೇ. ಆಗ ಅಲ್ಲಿ ಶೂಟಿಂಗಿನಲ್ಲಿ ಧ್ವನಿ ದಾಖಲಿಸುತ್ತಿರಲಿಲ್ಲ, ಎಲ್ಲ ಸದ್ದೂ ಆಮೇಲೆ ಕೂಡಿಸಿದ್ದು. ಹಾಗಾಗಿ ಮೌನ ಎಷ್ಟು ಹೊತ್ತು, ಕೂಗು ಎಲ್ಲಿ ಎಂಬುದು ಕೂತು ತೀರ್ಮಾನಿಸಿದ ಸಂಗತಿ.

1972ರಲ್ಲಿ ಅವನೇ ಬರೆದು ನಿರ್ದೇಶಿಸಿದ 'ದಿ ವೇ ಆಫ್ ದ ಡ್ರ್ಯಾಗನ್' ಚಿತ್ರದ ಕೊನೆಯ ಕಾಳಗ ಇದಕ್ಕೆಲ್ಲ ಪಾಠದಂತಿದೆ. ರೋಮ್‌ನ ಕೊಲೊಸಿಯಂ (ಹೆಚ್ಚಿನ ಭಾಗ ತೆಗೆದದ್ದು ಹಾಂಗ್‌ಕಾಂಗ್ ಸ್ಟುಡಿಯೋದ ಸೆಟ್ಟಿನಲ್ಲಿ), ಎದುರಿಗೆ ಅಮೆರಿಕದ ಕರಾಟೆ ಚಾಂಪಿಯನ್ ಚಕ್ ನಾರಿಸ್, ಸಾಕ್ಷಿಗೆ ಒಂದು ಬೆಕ್ಕಿನ ಮರಿ. ಬಂದ ಕೂಡಲೇ ಹೊಡೆದಾಡುವುದಿಲ್ಲ. ಇಬ್ಬರೂ ಅಂಗಿ ಕಳಚಿ ಮೈ ಸಡಿಲಿಸಿಕೊಳ್ಳುತ್ತಾರೆ, ಗೆಣ್ಣು ನೆಟಿಗೆ ಮುರಿಯುತ್ತಾರೆ. ಮೊದಲ ಸುತ್ತಿನಲ್ಲಿ ಲೀಗೆ ಬರೀ ಏಟು. ನೆಲಕ್ಕೆ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ಆಮೇಲೆ ಏನಾಗುತ್ತದೆ ಎಂಬುದು ಮುಖ್ಯ. ಅವನಿಗೆ ಹಠಾತ್ತನೆ ಆವೇಶವೇನೂ ಬರುವುದಿಲ್ಲ, ಅವನು ನಿಲುವು ಬದಲಿಸುತ್ತಾನೆ. ಊರಿದ್ದ ಪಾದ ತುದಿಗಾಲಿಗೆ ಬರುತ್ತದೆ, ಮೊಹಮ್ಮದ್ ಅಲಿಯಂತೆ ಕುಣಿಯತೊಡಗುತ್ತಾನೆ. ಅಲಿಯ ಪಂದ್ಯಗಳ ರೀಲುಗಳನ್ನು ಅವನು ಹಾಕಿ ಹಾಕಿ ನೋಡಿದ್ದವನು. ನಾರಿಸ್‌ನ ಒದೆತ ಗಾಳಿಗೆ ಹೋಗುತ್ತದೆ, ಲೀಯ ಪಾದ ಮಂಡಿಗೆ, ತೊಡೆಗೆ ತಾಗುತ್ತದೆ. ತೋಳು ಮುರಿದು ಮಂಡಿ ಮುರಿದ ಮೇಲೆ, ಸಾಕು ಎಂದು ಲೀ ತಲೆಯಾಡಿಸುತ್ತಾನೆ. ನಾರಿಸ್ ಕೇಳುವುದಿಲ್ಲ. ಕೊಂದ ಮೇಲೆ ಲೀ ಅವನ ಅಂಗಿಯನ್ನು ತಂದು ಹೆಣದ ಮೇಲೆ ಹೊದಿಸಿ, ಕಪ್ಪು ಬೆಲ್ಟನ್ನು ಅದರ ಮೇಲಿಡುತ್ತಾನೆ. 1971ರ ಆ ಲೇಖನ ಓದಿದವರಿಗೆ ಇದು ಅದೇ ವಾದ, ಚಿತ್ರದ ರೂಪದಲ್ಲಿ: ಸೋಲುತ್ತಿರುವವನು ಇನ್ನೂ ಜೋರಾಗಿ ಹೊಡೆಯುವುದಲ್ಲ, ಬೇರೆ ರೀತಿ ನಿಲ್ಲುವುದು. ಗೌರವವೂ ಇದೆ, ಕರಾಟೆಯನ್ನು ಹೂಳುವುದೂ ಇದೆ. ಬೋರ್ಡಿನ ಮಾಸ್ಟರುಗಳು ಈ ಚಿತ್ರ ನೋಡಿಲ್ಲ ಎಂದರೆ ನಾನು ನಂಬುವುದಿಲ್ಲ.

'ಎಂಟರ್ ದ ಡ್ರ್ಯಾಗನ್' ಶುರುವಾಗುವುದೇ ಸಾಮೊ ಹಂಗ್ ಜೊತೆಗಿನ ಕಾಳಗದಿಂದ. ಇಬ್ಬರ ಕೈಗೂ ಬೆರಳು ತೆರೆದ ಗ್ಲೌಸ್, ಮೈಮೇಲೆ ಬರೀ ಚಡ್ಡಿ, ಗುದ್ದು, ಒದೆತ, ಎತ್ತಿ ಹಾಕುವುದು ಎಲ್ಲ ಆಗಿ ಕೊನೆಗೆ ಕೀಲು ತಿರುಚಿ ಸೋಲೊಪ್ಪಿಸುವುದು. ಎಲ್ಲ ಶೈಲಿಯವರೂ ಸೆಣಸುವ ಮಿಶ್ರ ಕಾಳಗದ ಪಂದ್ಯಾವಳಿ ಯುಎಫ್‌ಸಿ ಶುರುವಾದದ್ದು 1993ರಲ್ಲಿ, ಈ ದೃಶ್ಯ ತೆಗೆದು ಇಪ್ಪತ್ತು ವರ್ಷದ ಮೇಲೆ. ಇಂದಿನ ಅವರ ಗ್ಲೌಸು ಸುಮಾರು 4 ಔನ್ಸಿನದು, ಬೆರಳು ತೆರೆದೇ ಇರುತ್ತದೆ, ಇಲ್ಲದಿದ್ದರೆ ಹಿಡಿಯಲಾಗುವುದಿಲ್ಲ. ಅವನ ಫೋಟೋ ಇಲ್ಲದೆ ಅವನ ಕೆಲಸ ಮುಂದುವರಿದ ಜಾಗ ಇದು ಎಂದು ನನ್ನ ಅನಿಸಿಕೆ.

ಎರಡು ಕೋಲು, ಒಂದು ಸರಪಳಿ

ಹೊರಗಿನ ತೊಗಲು ಹೆಚ್ಚು ದೂರ ಹೋದದ್ದು ನುಂಚಾಕುವಿನ ರೂಪದಲ್ಲಿ. ಅದು ಜಪಾನಿನ ಓಕಿನಾವಾ ದ್ವೀಪದ ಆಯುಧ. ಲೀಗೆ ಅದನ್ನು ತೋರಿಸಿಕೊಟ್ಟವನು ಶಿಷ್ಯ ಡ್ಯಾನ್ ಇನೊಸಾಂಟೊ. 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಚೀನೀ ನಾಯಕ ಅದೇ ಆಯುಧ ಹಿಡಿದು ಜಪಾನಿ ಡೋಜೊಗೆ, ಅಂದರೆ ತಾಲೀಮು ಶಾಲೆಗೆ, ನುಗ್ಗುತ್ತಾನೆ. ಕಥೆಯ ದೇಶಾಭಿಮಾನಕ್ಕೆ ಆಯುಧದ ಊರು ಅಡ್ಡಿಯಾಗಲಿಲ್ಲ. ಸಾಮಾನ್ಯ ಅಳತೆ ಒಂದೊಂದು ಕೋಲು 12 ಅಂಗುಲ. ನಡುವಿನ ಹಗ್ಗ ಅಥವಾ ಸರಪಳಿ ಅಂಗೈ ಅಗಲಕ್ಕಿಂತ ಹೆಚ್ಚಿರಬಾರದು: ಅಂಗೈ ಮೇಲೆ ಹಗ್ಗ ಹಾಕಿದರೆ ಕೋಲುಗಳು ಎರಡೂ ಬದಿಗೆ ನೇರ ಇಳಿಬೀಳಬೇಕು. ಸರಪಳಿ ಉದ್ದವಾದರೆ ಕೋಲು ತಡವಾಗಿ ತಿರುಗಿ ಮೊಣಕೈಗೆ ಬಡಿಯುತ್ತದೆ. ಕಲಿಯುವವರು ಸ್ಪಂಜು ಸುತ್ತಿದ್ದನ್ನು ಹಿಡಿಯುವುದು ಮೊಣಕೈ, ಕಿವಿ ಎರಡಕ್ಕೂ ಕ್ಷೇಮ. ತಿರುಗಿಸುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ಹೆಗಲ ಮೇಲಿಂದ ಬಂದ ಕೋಲನ್ನು ಕಂಕುಳಲ್ಲಿ ಹಿಡಿಯುವುದನ್ನು ಮೊದಲು ಕಲಿಯಬೇಕು. ಗಟ್ಟಿ ವಸ್ತುವಿಗೆ ತಾಗಿದರೆ ಕೋಲು ಹೊಡೆದವನ ಕಡೆಗೇ ಪುಟಿಯುತ್ತದೆ, ನಡುವೆ ಕೀಲಿರುವುದರಿಂದ ಕೈಯ ಹಿಡಿತ ಅದನ್ನು ತಡೆಯಲಾರದು. ಹೀಗಾಗಿ ಆಯುಧವಾಗಿ ಒಂದು ಸಾದಾ ದೊಣ್ಣೆಗಿಂತ ಕಡೆ, ನೋಟವಾಗಿ ಅದಕ್ಕೆ ಸಾಟಿ ಇಲ್ಲ.

ಸರ್ಕಾರಗಳು ಹೆದರಿದ್ದು ನೋಟಕ್ಕೇ. ನ್ಯೂಯಾರ್ಕ್ ರಾಜ್ಯ 1974ರಲ್ಲಿ ನುಂಚಾಕು ನಿಷೇಧಿಸಿತು, ನ್ಯಾಯಾಲಯ ಅದನ್ನು ತೆಗೆದುಹಾಕಿದ್ದು 2018ರಲ್ಲಿ. ಬ್ರಿಟನ್ನಿನ ಸೆನ್ಸಾರ್ ಮಂಡಳಿಯ ಜೇಮ್ಸ್ ಫರ್ಮನ್ ತಾನಿರುವಷ್ಟು ಕಾಲ ನುಂಚಾಕು ದೃಶ್ಯಗಳನ್ನು ಕತ್ತರಿಸಿದ. ಆಮೆಗಳೇ ನಾಯಕರಾದ ಮಕ್ಕಳ ಚಿತ್ರವೊಂದರಲ್ಲಿ ನುಂಚಾಕುವಿನಂತೆ ತಿರುಗಿಸಿದ ಸಾಸೇಜ್ ಸರವನ್ನೂ ಬಿಡಲಿಲ್ಲ.

ಐದು ಮಹಡಿ

ಅವನು ಮುಗಿಸದೆ ಹೋದ 'ಗೇಮ್ ಆಫ್ ಡೆತ್' ಚಿತ್ರದ ಕಲ್ಪನೆ ಸರಳ. ಐದು ಮಹಡಿಯ ಪಗೋಡಾ, ಮಹಡಿಗೊಬ್ಬ ಕಾವಲುಗಾರ, ಒಬ್ಬೊಬ್ಬನದು ಒಂದೊಂದು ಶೈಲಿ. 1972ರಲ್ಲಿ ಅವನು ಚಿತ್ರೀಕರಿಸಿದ್ದು ಮೇಲಿನ ಮೂರು ಮಹಡಿ. ಇನೊಸಾಂಟೊ, ಕೊರಿಯಾದ ಜಿ ಹಾನ್ ಜೇ, ಕೊನೆಗೆ 7 ಅಡಿ 2 ಅಂಗುಲದ ಬಾಸ್ಕೆಟ್‌ಬಾಲ್ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್. ಲೀ ತೊಟ್ಟ ಹಳದಿ ಸೂಟಿನ ಎದೆಯ ಮೇಲೆ ಜಬ್ಬಾರ್‌ನ ಬೂಟಿನ ಅಚ್ಚು. ಆ ಬಟ್ಟೆಗೂ ಕಾರಣವಿದೆ: ಯಾವ ಶೈಲಿಯ ಸಮವಸ್ತ್ರವೂ ಅದಲ್ಲ.

ಲೀ ಸತ್ತ ಮೇಲೆ 1978ರಲ್ಲಿ ನಕಲಿಗಳನ್ನಿಟ್ಟು ಚಿತ್ರ ಮುಗಿಸಿದರು. ಒಂದು ದೃಶ್ಯದಲ್ಲಿ ಕನ್ನಡಿಗೆ ಲೀಯ ಮುಖದ ಕಾಗದದ ಚಿತ್ರ ಅಂಟಿಸಿ, ಎದುರಿಗೆ ಬೇರೊಬ್ಬನನ್ನು ಕೂರಿಸಿದ್ದು ಬರಿಗಣ್ಣಿಗೇ ಕಾಣುತ್ತದೆ. ಅವನ ನಿಜವಾದ ಶವಯಾತ್ರೆಯ ತುಣುಕನ್ನು ಕಥೆಯೊಳಗೆ ಸೇರಿಸಿದ್ದಂತೂ ನಾಚಿಕೆಗೇಡು. ಬ್ರೂಸ್ ಲಿ, ಬ್ರೂಸ್ ಲೆ, ಡ್ರ್ಯಾಗನ್ ಲೀ ಎಂಬ ಹೆಸರಿನವರ ಚಿತ್ರಗಳು ಆ ವರ್ಷಗಳಲ್ಲಿ ಸಾಲುಗಟ್ಟಿ ಬಂದವು. ಕೂಗಿತ್ತು, ಮೂಗು ಒರೆಸುವ ಹೆಬ್ಬೆರಳಿತ್ತು, ಕಪ್ಪು ಕನ್ನಡಕವಿತ್ತು. ನಡುವಿನ ಆ ಮೌನ ಮಾತ್ರ ಯಾರಿಗೂ ಬರಲಿಲ್ಲ.

ಮಹಡಿಗಳು ಬೇರೆ ದಾರಿ ಹಿಡಿದವು. ತಕಾಶಿ ನಿಶಿಯಾಮಾ ಎಂಬ ಜಪಾನಿ ವಿನ್ಯಾಸಕ 1984ರಲ್ಲಿ ಇರೆಮ್ ಕಂಪನಿಗೆ 'ಕುಂಗ್‌ಫೂ ಮಾಸ್ಟರ್' ಆಟ ಮಾಡಿದಾಗ ಐದು ಮಹಡಿಯನ್ನೂ ಮಹಡಿಗೊಬ್ಬ ಕಾವಲುಗಾರನನ್ನೂ ಇಟ್ಟ. 1987ರ ಮೊದಲ 'ಸ್ಟ್ರೀಟ್ ಫೈಟರ್' ಕೂಡ ಅವನದೇ. ಒಬ್ಬನನ್ನು ಸೋಲಿಸಿದರೆ ಮುಂದಿನವನು, ಅವನ ಶೈಲಿ ಬೇರೆ, ಹಿಂದಿನವನಿಗೆ ನಡೆದ ಉಪಾಯ ಇವನಿಗೆ ನಡೆಯದು. ಮೊಬೈಲ್ ಹಿಡಿದು ಕೂತ ಹುಡುಗನಿಗೆ ಬ್ರೂಸ್ ಲೀ ಯಾರೆಂದು ಗೊತ್ತಿಲ್ಲದಿರಬಹುದು, ಅವನ ಬೆರಳು ಹತ್ತುತ್ತಿರುವುದು ಆ ಮೆಟ್ಟಿಲನ್ನೇ.

ಕಂಚು, ನೀರು

ಬೋಸ್ನಿಯಾದ ಮೋಸ್ಟಾರ್ ಊರಿನಲ್ಲಿ ಯುದ್ಧದ ನಂತರ ಪಶ್ಚಿಮಕ್ಕೆ ಕ್ರೊವಾಟರು, ಪೂರ್ವಕ್ಕೆ ಬೋಸ್ನಿಯಾಕರು. ಯಾವ ವೀರನ ಪ್ರತಿಮೆ ಇಟ್ಟರೂ ಇನ್ನೊಂದು ಕಡೆಯವರಿಗೆ ಅವನು ಕೊಲೆಗಾರ. ಎರಡೂ ಕಡೆಯವರು ಚಿಕ್ಕಂದಿನಲ್ಲಿ ಮೆಚ್ಚಿದವನೊಬ್ಬ ಬೇಕೆಂದು ಅಲ್ಲಿನ ಯುವಕರ ಒಂದು ಗುಂಪು ಹುಡುಕಿ 2005ರ ನವೆಂಬರ್ 26ರಂದು ಬ್ರೂಸ್ ಲೀಯ ಕಂಚಿನ ಪ್ರತಿಮೆ ನಿಲ್ಲಿಸಿತು. ಹಾಂಗ್‌ಕಾಂಗ್ ತನ್ನ ಮಗನಿಗೆ ಪ್ರತಿಮೆ ಇಟ್ಟದ್ದು ಮರುದಿನ. ಮೋಸ್ಟಾರ್‌ನವನ ಮುಖ ಉತ್ತರಕ್ಕೆ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದ್ದರೆ ಒಂದು ಕಡೆಯವರ ಮೇಲೆ ಕೈ ಎತ್ತಿದಂತೆ ಕಾಣುತ್ತಿತ್ತು. ಕೆಲವೇ ದಿನಕ್ಕೆ ಕಿಡಿಗೇಡಿಗಳು ನುಂಚಾಕು ಕಿತ್ತುಕೊಂಡು ಹೋದರು. 2024ರಲ್ಲಿ ಪ್ರತಿಮೆಯನ್ನೇ ಕದ್ದರು. ಇಲ್ಲಿ ಕೆಲಸ ಮಾಡಿದ್ದು ಮುಖ ಮಾತ್ರ, ಅವನ ವಿಚಾರವಲ್ಲ. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಯಾರ ಪಕ್ಷಕ್ಕೂ ಸೇರದ ಮುಖ ಸಿಗುವುದೇ ದುರ್ಲಭ.

ಹಾಂಗ್‌ಕಾಂಗ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಪ್ರಜಾಪ್ರಭುತ್ವ ಬೇಕೆಂದು 2014ರಲ್ಲಿ ನಡೆದ ಛತ್ರಿ ಚಳವಳಿಯವರು ರಸ್ತೆಗಳಲ್ಲಿ 79 ದಿನ ಕೂತರು, ಕೊನೆಗೆ ಡೇರೆಗಳನ್ನು ಕಿತ್ತುಹಾಕಲಾಯಿತು. 2019ರ ಸರ್ಕಾರ ವಿರೋಧಿ ಪ್ರತಿಭಟನೆಯ ಹುಡುಗರು, ನೀರಿನಂತಿರು ಎಂದು 1971ರ ಟಿವಿ ಸಂದರ್ಶನದಲ್ಲಿ ಲೀ ಹೇಳಿದ್ದನ್ನು ಅಕ್ಷರಶಃ ಕಾರ್ಯಸೂಚಿ ಮಾಡಿಕೊಂಡರು. ಮುಖಂಡನಿಲ್ಲ, ವೇದಿಕೆಯಿಲ್ಲ, ತೀರ್ಮಾನವೆಲ್ಲ ಟೆಲಿಗ್ರಾಂನಲ್ಲಿ. ಹೆಲ್ಮೆಟ್ ಬೇಕು, ಛತ್ರಿ ಬೇಕು ಎಂಬುದಕ್ಕೆಲ್ಲ ಕೈಸನ್ನೆ, ಸಾಮಾನು ಕೈಯಿಂದ ಕೈಗೆ ಸಾಗುತ್ತಿತ್ತು. ಜೂನ್ 21ರಂದು ಪೊಲೀಸ್ ಕೇಂದ್ರ ಕಚೇರಿಯನ್ನು ಸುತ್ತುವರಿದವರು ಕಂದಾಯ ಕಟ್ಟಡಕ್ಕೆ, ವಲಸೆ ಇಲಾಖೆಯ ಕಟ್ಟಡಕ್ಕೆ ಹರಡಿಕೊಂಡರು. ಪೊಲೀಸರು ಕೂಡಿಕೊಳ್ಳುವಷ್ಟರಲ್ಲಿ ಮೆಟ್ರೊ ಹತ್ತಿ ಇನ್ನೊಂದು ಬಡಾವಣೆಯಲ್ಲಿ ಇರುವುದು ಆ ಬೇಸಿಗೆಯ ರೀತಿ. ಅವನ ಮಾತನ್ನು ಗೋಡೆಗೆ ಅಂಟಿಸದೆ ನಿಜಕ್ಕೂ ಬಳಸಿದವರು ಇವರು. ಮೆಟ್ರೊ ಇರುವ ತನಕ ಅದು ನಡೆಯಿತು ಎಂಬುದೂ ನಿಜ. ಸಂಜೆ ನಿಲ್ದಾಣಗಳನ್ನು ಬೇಗ ಮುಚ್ಚತೊಡಗಿದ ಮೇಲೆ ಹರಿಯುವುದು ಕಷ್ಟವಾಯಿತು. ನವೆಂಬರ್‌ನಲ್ಲಿ ಹಂಗ್ ಹೋಮ್‌ನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದೊಳಗೆ ಇಟ್ಟಿಗೆ ಜೋಡಿಸಿ, ಕವಣೆ ಕಟ್ಟಿ, ಒಂದೇ ಕಡೆ ನಿಂತರು. 17ರಂದು ಪೊಲೀಸರು ಸುತ್ತುವರಿದರು. ಕೆಲವರು ಮೇಲುಸೇತುವೆಯಿಂದ ಹಗ್ಗ ಹಿಡಿದು ಇಳಿದು ಕೆಳಗೆ ಕಾದಿದ್ದ ಬೈಕುಗಳನ್ನು ಹತ್ತಿ ತಪ್ಪಿಸಿಕೊಂಡರು, ಕೆಲವರು ಚರಂಡಿಗೆ ಇಳಿದು ದಾರಿ ಹುಡುಕಿದರು. 29ರಂದು ಮುತ್ತಿಗೆ ಮುಗಿಯುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಪೊಲೀಸರು ಬಂಧಿಸಿದ್ದರು ಅಥವಾ ಅವರ ವಿವರ ಬರೆದುಕೊಂಡಿದ್ದರು.